ಹೋಟೆಲಿನ ಗಲ್ಲಾದಲ್ಲಿ 11 ಕೆಜಿ ಚಿಲ್ಲರೆ ಸಿಕ್ಕಿದೆ, ಯಾವುದು ಇಟ್ಕೊಳ್ಳೋದು ಯಾವುದು ಬಿಡೋದು?

ಗಲ್ಲಾದ_ಮಗ (ಭಾಂಡುಪ್, ಮುಂಬೈ):

ನಮಸ್ಕಾರ. ಪ್ರಶ್ನೆ ಸಣ್ಣದು, ಕತೆ ಸ್ವಲ್ಪ ಉದ್ದ ಉಂಟು, ಬೈಬೇಡಿ.

ನಮ್ಮ ಅಪ್ಪ 1978ರಲ್ಲಿ ಕಾರ್ಕಳದಿಂದ ಬಸ್ಸು ಹತ್ತಿ ಮುಂಬೈಗೆ ಬಂದದ್ದು. ಫೋರ್ಟಿನಲ್ಲಿ ಟೇಬಲ್ ಒರೆಸುವಲ್ಲಿಂದ ಶುರು ಮಾಡಿ, ಸಪ್ಲೈಯರ್ ಆಗಿ, ಗಲ್ಲಾದಲ್ಲಿ ಕೂತು, 1991ರಲ್ಲಿ ಭಾಂಡುಪಿನಲ್ಲಿ ಸ್ವಂತದ್ದು ಒಂದು ಹತ್ತು ಟೇಬಲಿನ ಹೋಟೆಲು ಹಾಕಿದ್ರು. ಈಗ ಮೊಣಕಾಲು ಮಾತು ಕೇಳುದಿಲ್ಲ, ಹಾಗಾಗಿ ಹೋದ ತಿಂಗಳು ಬೇರೆಯವ್ರಿಗೆ ನಡೆಸ್ಲಿಕ್ಕೆ ಕೊಟ್ಟೆವು. ಖಾಲಿ ಮಾಡುವಾಗ ಗಲ್ಲಾದ ಅಡಿಯಲ್ಲಿ ಮೂರು ಡಾಲ್ಡಾ ಡಬ್ಬ, ಮೂರರಲ್ಲೂ ಭರ್ತಿ ಚಿಲ್ಲರೆ. ಈರುಳ್ಳಿ ತೂಗುವ ಕಾಟಾದಲ್ಲಿ ಇಟ್ಟೆ, 11 ಕೆಜಿ ಮಾರಾಯ್ರೆ!

ಅಪ್ಪನ ಹತ್ರ ಕೇಳಿದ್ರೆ "ಛುಟ್ಟಾ ಸಿಗದ ದಿನಕ್ಕೆ ಅಂತ ಇಟ್ಟದ್ದು, ಬ್ಯಾಂಕಿಗೆ ಹಾಕು" ಅಂತಾರೆ. ಅದೂ ಸರಿಯೇ, ಒಂದು ಕಾಲದಲ್ಲಿ ಬೆಳಿಗ್ಗೆ ಐದು ಗಂಟೆಗೆ ಚಿಲ್ಲರೆ ಇಲ್ಲಾಂದ್ರೆ ಗಿರಾಕಿಗೆ ಪೆಪ್ಪರ್‌ಮಿಂಟ್ ಕೊಟ್ಟು ಬೈಸಿಕೊಳ್ತಿದ್ದೆವು, ಈಗ ಒಂದು ಕಟಿಂಗ್ ಚಾಯಿಗೂ ಫೋನ್ ತೋರಿಸಿ ಹೋಗ್ತಾರೆ. ಅಕ್ಕನ ಮಗ ಮಾತ್ರ ವೈಷ್ಣೋದೇವಿಯ ಕಾಯಿನ್ ಸಿಕ್ಕಿದ್ರೆ ಹತ್ತು ಲಕ್ಷ ಅಂತ ಯೂಟ್ಯೂಬ್ ನೋಡಿಕೊಂಡು ಡಬ್ಬದ ಎದುರೇ ಕೂತಿದ್ದಾನೆ, ಊಟಕ್ಕೂ ಏಳುದಿಲ್ಲ.

ಎರಡು ರಾತ್ರಿ ಪೇಪರ್ ಹಾಸಿ ಒಂದು ಡಬ್ಬ ಆರಿಸಿದೆ. ಗೇಂಡಾಮೃಗದ ನಾಲ್ಕಾಣೆ ಉಂಟು, ಎಂಟಾಣೆ ರಾಶಿ ಉಂಟು, ದಪ್ಪ ಐದು ರೂಪಾಯಿ ಉಂಟು, ಮೂಲೆ ಮೂಲೆ ಇರುವ ಎರಡು ರೂಪಾಯಿ ಉಂಟು, ನೆಹರೂ, ಇಂದಿರಾ, ಇನ್ನು ಯಾರ್ಯಾರೋ. ಎಲ್ಲ ಇಟ್ಕೊಂಡ್ರೆ ಹೆಂಡತಿ ನನ್ನನ್ನೂ ಡಬ್ಬದ ಜೊತೆಗೇ ಹೊರಗೆ ಇಡ್ತಾಳೆ. ಎಲ್ಲ ಕೊಡ್ಲಿಕ್ಕೆ ಮನಸ್ಸು ಬರುದಿಲ್ಲ. ನೀವೆಲ್ಲ ಹೇಗೆ ಆರಿಸ್ತೀರಿ? ಏನಾದ್ರೂ ಲೆಕ್ಕ ಉಂಟಾ?


ಕ್ಯಾಶ್‌ಕೌಂಟರ್ (ಮಾಟುಂಗಾ):

ಮೂವತ್ತೊಂದು ವರ್ಷ ಬ್ಯಾಂಕಲ್ಲಿ ನಾಣ್ಯ ಎಣಿಸಿದವನು ನಾನು, ಹಾಗಾಗಿ ಸ್ವಲ್ಪ ಜಾಸ್ತಿ ಮಾತಾಡ್ತೀನಿ, ತಡ್ಕೊಳ್ಳಿ.

ಎಲ್ಲಕ್ಕಿಂತ ಮೊದ್ಲು, ತೊಳೀಬೇಡಿ. ಹುಣಸೆಹಣ್ಣು, ನಿಂಬೆ, ಬೂದಿ, ಪಾತ್ರೆ ಪುಡಿ ಯಾವುದೂ ಬೇಡ. ನಮ್ಮಜ್ಜನ ಹತ್ರ ಹುಲಿ ಚಿತ್ರದ 1947ರ ನಿಕ್ಕಲ್ ರೂಪಾಯಿ ಇತ್ತು, ಚಿಕ್ಕೋನಿದ್ದಾಗ ಹುಣಸೆಹಣ್ಣಲ್ಲಿ ಉಜ್ಜಿ ಉಜ್ಜಿ ಫಳಫಳ ಮಾಡಿ ಅಜ್ಜನಿಗೆ ತೋರಿಸ್ದೆ, ಅವರು ಏನೂ ಹೇಳಲಿಲ್ಲ, ಮೂರು ದಿನ ಮಾತಾಡಲಿಲ್ಲ ಅಷ್ಟೇ. ಉಜ್ಜಿದ ನಾಣ್ಯನ ಕೊಳ್ಳೋರು ನೋಡಿದ ತಕ್ಷಣ ಪಕ್ಕಕ್ಕೆ ಸರಿಸ್ತಾರೆ. ಮಣ್ಣಿದ್ರೆ ನೀರಲ್ಲಿ ಅದ್ದಿ ಬಟ್ಟೆ ಮೇಲೆ ಒಣಗೋಕೆ ಬಿಡಿ, ಸಾಕು.

ಆಮೇಲೆ ಫ್ರಿಡ್ಜ್ ಮೇಲಿನ ಮ್ಯಾಗ್ನೆಟ್ ತಗೊಳ್ಳಿ. ಅಂಟ್ಕೊಂಡ್ರೆ ಸ್ಟೀಲು, ಅಂಟದಿದ್ರೆ ತಾಮ್ರ ನಿಕ್ಕಲ್ ಬೆರೆಸಿದ್ದು. 1992ರಿಂದ ಬಂದ ಸಣ್ಣ ಒಂದು ರೂಪಾಯಿ ಸ್ಟೀಲಿಂದು, ನಿಮ್ಮ ಡಬ್ಬದಲ್ಲಿ ಅದೇ ಅರ್ಧಕ್ಕಿಂತ ಜಾಸ್ತಿ ಇರುತ್ತೆ, ಗೇಂಡಾಮೃಗದ ನಾಲ್ಕಾಣೇನೂ ಸ್ಟೀಲೇ. ಅಂಟದೇ ಇರೋ ಗುಂಪಲ್ಲಿ ನಿಮ್ಮ ಮೂಲೆ ಮೂಲೆ ಎರಡು ರೂಪಾಯಿ ಬರುತ್ತೆ, ಹನ್ನೊಂದು ಮೂಲೆ ಇದೆ ಅದಕ್ಕೆ, ಹಿಂದೆ ಭಾರತದ ನಕ್ಷೆ. ದಪ್ಪ ಐದು ರೂಪಾಯೀನೂ ಅದೇ, 9 ಗ್ರಾಂ ತೂಗುತ್ತೆ, ಈಗಿನದು ಅದಕ್ಕಿಂತ ಹಗುರ. ಆ ದಪ್ಪ ಐದನ್ನ ಗಡಿ ದಾಟಿಸಿ ಕರಗಿಸಿ ಬ್ಲೇಡ್ ಮಾಡ್ತಾರೆ ಅಂತ ಆಗ ಪೇಪರಲ್ಲಿ ಬರ್ತಿತ್ತು, ನಮ್ಮ ಕೌಂಟರಲ್ಲೂ ಬರಬರ್ತಾ ಅದು ಕಮ್ಮಿ ಆಗೋಯ್ತು. ಹಾಗಂತ ನೀವು ಗುಜರಿಯವನಿಗೆ ತೂಕಕ್ಕೆ ಹಾಕ್ಬೇಡಿ, 2011ರ ನಾಣ್ಯ ಕಾಯ್ದೆ ಪ್ರಕಾರ ನಾಣ್ಯ ಕರಗಿಸಿದ್ರೆ ಏಳು ವರ್ಷದವರೆಗೂ ಜೈಲು.

ಈಗ ನಿಜವಾದ ಮಜಾ. ಇಸವಿ ಕೆಳಗೆ ಭೂತಗನ್ನಡಿ ಹಿಡಿದು ನೋಡಿ. ವಜ್ರದ ಆಕಾರ ಇದ್ರೆ ನಮ್ಮ ಮುಂಬೈ ಟಂಕಸಾಲೆ, ಐದು ಮೂಲೆ ನಕ್ಷತ್ರ ಇದ್ರೆ ಹೈದರಾಬಾದು, ದುಂಡು ಚುಕ್ಕಿ ಇದ್ರೆ ನೋಯ್ಡಾ, ಏನೂ ಇಲ್ಲದಿದ್ರೆ ಕೋಲ್ಕತಾ. ಮುಂಬೈ ಟಂಕಸಾಲೆ ಇರೋದು ಫೋರ್ಟಲ್ಲೇ, ರಿಸರ್ವ್ ಬ್ಯಾಂಕ್ ಎದುರಿಗೆ, ನಿಮ್ಮಪ್ಪ ಟೇಬಲ್ ಒರೆಸಿದ ಕಾಲದಲ್ಲಿ ಅಲ್ಲಿನ ಕೆಲಸಗಾರರು ಯಾರಾದ್ರೂ ಅವರ ಕೈಯಿಂದ ಚಾ ಕುಡಿದಿರ್ಲೂಬಹುದು. ನಮ್ಮಲ್ಲಿ ನಾಣ್ಯ ಸಾಲದೆ ಹೊರದೇಶದಲ್ಲೂ ಅಚ್ಚು ಹಾಕಿಸಿದಾರೆ. 1985ರ ಒಂದು ರೂಪಾಯಲ್ಲಿ ಸಣ್ಣಕೆ ಇಂಗ್ಲಿಷಿನ ಎಚ್ ಇದ್ರೆ ಅದು ಬರ್ಮಿಂಗ್‌ಹ್ಯಾಮಿಂದು. 1998ರದ್ದರಲ್ಲಿ ಎಂ ಕೆ ಅಂತ ಇದ್ರೆ ಸ್ಲೊವಾಕಿಯಾದ್ದು, ಆದ್ರೆ ಅದು ಸ್ಟೀಲು, ಮ್ಯಾಗ್ನೆಟ್‌ಗೆ ಅಂಟುತ್ತೆ. ಹಾಗಾಗಿ ಅಂಟಿದ್ದನ್ನೂ ಒಂದ್ಸಲ ಕಣ್ಣಾಡಿಸಿಯೇ ಬಿಡಿ.

ನಾನಾಗಿದ್ರೆ ಪ್ರತಿ ನಮೂನೆಗೆ ಪ್ರತಿ ಟಂಕಸಾಲೆದು ಒಂದೊಂದು, ಇರೋದ್ರಲ್ಲಿ ಕಮ್ಮಿ ಸವೆದದ್ದು ಇಟ್ಕೊಂಡು ಮಿಕ್ಕಿದ್ದು ಬ್ಯಾಂಕಿಗೆ ಹಾಕ್ತೀನಿ. ನೂರು ನೂರು ಎಣಿಸಿ ಪ್ಲಾಸ್ಟಿಕ್ ಕವರಿಗೆ ಹಾಕ್ಕೊಂಡು ಹೋಗಿ, ಕೌಂಟರಲ್ಲಿರೋನು ಮನಸ್ಸಲ್ಲೇ ನಿಮಗೆ ಕೈ ಮುಗೀತಾನೆ. ನಾಲ್ಕಾಣೆ ತಗೊಳ್ಳಲ್ಲ, 2011ರ ಜೂನ್ 30ಕ್ಕೆ ನಿಂತೋಯ್ತು. ಎಂಟಾಣೆ ಇನ್ನೂ ಚಲಾವಣೆಯಲ್ಲಿದೆ, ಮುಂಬೈ ಅಂಗಡಿಯವರಿಗೆ ಹೇಳಿ ನೋಡಿ ಬೇಕಾದ್ರೆ 😀


ಬೆಳಗಾವ್_ಟು_ಪುಣೆ (ಕೊಥ್ರೂಡ್):

ಕ್ಯಾಶ್‌ಕೌಂಟರ್ ಸರ್ ಹೇಳಿದ್ದು ಬರೋಬ್ಬರಿ ಐತ್ರಿ, ಆದ್ರ ಮ್ಯಾಗ್ನೆಟ್ ಲೆಕ್ಕದಾಗ ಒಂದು ಗುದ್ದು ಐತಿ. 1962ರಿಂದ 1974ರ ತನಕ ಬಂದ ದೊಡ್ಡ ಒಂದು ರೂಪಾಯಿ ಪೂರ್ತಿ ನಿಕ್ಕಲ್, 10 ಗ್ರಾಂ, ಅದೂ ಮ್ಯಾಗ್ನೆಟ್‌ಗೆ ಹತ್ತತೈತಿ. 1975ರ ಮ್ಯಾಲಿಂದು ತಾಮ್ರ ನಿಕ್ಕಲ್, ಹಿಡಿಯೂದಿಲ್ಲ, ತೂಕಾನೂ 8 ಗ್ರಾಂಗೆ ಇಳದದ. ನೋಡಾಕ ಎರಡೂ ಒಂದ ಸೈಜು. ಅದಕ್ಕ ಸ್ಟೀಲ್ ಅಂತ ತಿಳಕೊಂಡು ಹಳೆ ದೊಡ್ಡ ರೂಪಾಯಿನ ಬ್ಯಾಂಕಿಗೆ ಕೊಟ್ಟೀರಿ ಮತ್ತ.

ಯೂಟ್ಯೂಬ್ ಹುಡುಗನಿಗೆ ಒಂದು ಮಾತು ಹೇಳ್ರಿ. ವೈಷ್ಣೋದೇವಿ ನಾಣ್ಯ 2012ರಾಗ ಬಂದದ್ದು, ಐದರದೂ ಐತಿ ಹತ್ತರದೂ ಐತಿ, ಬೇಕಾದಷ್ಟು ಜನರ ಕಿಸೆದಾಗ ಅದಾವು. ನಮ್ಮ ಮಾವನೋರು ಹಂಗ ಒಂದು ಫೋಟೋ ಹಾಕಿದ್ರು, ಮರುದಿನ ಫೋನ್ ಬಂತು, ನಿಮ್ಮ ನಾಣ್ಯ ಎಂಟು ಲಕ್ಷಕ್ಕ ಹೋಗೈತಿ, ಮೊದಲ ರಿಜಿಸ್ಟ್ರೇಶನ್ ಅಂತ ಎರಡು ಸಾವಿರ ಹಾಕ್ರಿ ಅಂತ. ಹಾಕೇಬಿಟ್ರು! ಆಮ್ಯಾಲೆ ಜಿಎಸ್‌ಟಿ ಅಂತ ಎಂಟು ಸಾವಿರ ಕೇಳಿದಾಗ ಅತ್ತಿಯೋರು ಫೋನ್ ಕಸಕೊಂಡ್ರು. ರಿಸರ್ವ್ ಬ್ಯಾಂಕ್ 2021ರಾಗನ ಹೇಳೈತಿ, ಹಳೆ ನಾಣ್ಯದ ವ್ಯಾಪಾರ ನಾವು ಮಾಡೂದಿಲ್ಲ, ನಮ್ಮ ಹೆಸರಾಗ ಯಾರಿಗೂ ಕಮಿಷನ್ ಕೇಳಾಕ ಹೇಳಿಲ್ಲ ಅಂತ. ರೊಕ್ಕ ಕೊಡಾವ ಮೊದಲ ನಿಮ್ಮ ಕಡೆ ಯಾಕ ರೊಕ್ಕ ಕೇಳ್ತಾನ, ಅಷ್ಟು ವಿಚಾರ ಮಾಡಿದ್ರ ಸಾಕ್ರಿ.

ಮತ್ತ ನಾನು ಯಾವ್ದು ಇಟ್ಟೀನಿ ಅಂದ್ರ, 2006ರ ಬಸವಣ್ಣನವರ ಐದು ರೂಪಾಯಿ. ಅದೊಂದು ಸಿಕ್ರ ನಾ ಖರ್ಚು ಮಾಡೂದಿಲ್ಲ, ರೇಟು ಎಷ್ಟರ ಇರವಲ್ದ್ಯಾಕ. ಅದ ವರ್ಷ ನಾರಾಯಣ ಗುರುಗಳದೂ ಐದು ರೂಪಾಯಿ ಬಂದೈತಿ, ನಿಮ್ಮ ಕಡೆ ಮಂದಿಗೆ ಅದು ಬೇಕಾಗ್ತಿರಬೇಕು. ಇಲ್ಲಿ ಪುಣೆದಾಗ ನಮ್ಮ ಕಿರಾಣಿ ಅಂಗಡಿ ಕಾಕಾ 1999ರ ಶಿವಾಜಿ ಮಹಾರಾಜರ ಎರಡು ರೂಪಾಯಿ ಒಂದೂ ಬಿಡೂದಿಲ್ಲ, ಗಲ್ಲಾದಾಗ ಬಿದ್ದ ಕೂಡ್ಲೇ ಎತ್ತಿ ಕಣ್ಣಿಗೊತ್ತಿಕೊಂಡು ಬ್ಯಾರೆ ಡಬ್ಬಿಗೆ ಹಾಕ್ತಾನ. ಅವರವರ ದೇವರು ಅವರವರಿಗೆ.


ಮುಲುಂಡ್_ಅಜ್ಜಿ:

ನಾನು ಇಂಡಿಯಾದ್ದಲ್ಲ, ಅಮೆರಿಕದ ಚಿಲ್ಲರೆ ಆರಿಸಿದವಳು, ಹೇಳ್ಲಾ? ಮಗ ನ್ಯೂಜೆರ್ಸಿಯಲ್ಲಿದಾನೆ, ಹೋದಾಗೆಲ್ಲ ಆರು ತಿಂಗಳು, ಅವರಿಬ್ಬರೂ ಕೆಲಸಕ್ಕೆ ಹೋದ್ಮೇಲೆ ಮನೇಲಿ ನಾನೂ ಒಂದು ದೊಡ್ಡ ಗಾಜಿನ ಭರಣಿ ತುಂಬಾ ಪೆನ್ನಿಗಳೂ, ಪೆನ್ನಿ ಅಂದ್ರೆ ಅಲ್ಲಿನ ಒಂದು ಸೆಂಟಿನ ಕಾಸು. ಅವನು ಕಸಕ್ಕೆ ಹಾಕೋದೊಂದು ಬಾಕಿ ಇತ್ತು. ಪಕ್ಕದ ಮನೆ ಮುದುಕ ಹೇಳಿಕೊಟ್ಟ, 1982ಕ್ಕಿಂತ ಹಿಂದಿನದು ನೂರಕ್ಕೆ 95 ಪಾಲು ತಾಮ್ರ, ಆಮೇಲಿನದು ಒಳಗೆಲ್ಲ ಸತು, ಮೇಲೆ ತಾಮ್ರದ ತೆಳ್ಳನೆ ಲೇಪ ಅಷ್ಟೇ ಅಂತ. 1982ರಲ್ಲಿ ಮಾತ್ರ ಎರಡೂ ಇದೆ, ತೂಗಬೇಕು, ತಾಮ್ರದ್ದು 3.11 ಗ್ರಾಂ, ಸತುವಿಂದು 2.5. ನನಗೆಲ್ಲಿ ಅಷ್ಟು ಸೂಕ್ಷ್ಮದ ತಕ್ಕಡಿ, ಅಡುಗೆಮನೆ ಗ್ರಾನೈಟ್ ಮೇಲೆ ಬೀಳಿಸಿ ಕೇಳ್ತಿದ್ದೆ, ತಾಮ್ರದ್ದು ಠಣ್ ಅಂತ ಎಳೆದು ಹಾಡುತ್ತೆ, ಸತು ಟಕ್ ಅಂತ ಸುಮ್ಮನಾಗುತ್ತೆ. ಸೊಸೆ ಒಂದಿನ ಬೇಗ ಬಂದವಳು ನೋಡಿ ಹೆದರಿಬಿಟ್ಲು.

ಹಿಂದುಗಡೆ ಎರಡು ಗೋಧಿ ತೆನೆ ಇದ್ರೆ ಅದು 1909ರಿಂದ 1958ರೊಳಗಿನದು, ಯಾವ ಇಸವಿ ಆದ್ರೂ ಇಟ್ಕೋ ಅಂದ ಮುದುಕ. ಭರಣಿಯಿಡೀ ಹುಡುಕಿ ಏಳು ಸಿಕ್ತು. ಯುದ್ಧದ ವರ್ಷ 1943ರಲ್ಲಿ ತಾಮ್ರ ಉಳಿಸೋಕೆ ಉಕ್ಕಿನದ್ದು ಮಾಡಿದ್ರಂತೆ, ಬೆಳ್ಳಗಿರುತ್ತೆ, ಮ್ಯಾಗ್ನೆಟ್‌ಗೆ ಅಂಟುತ್ತೆ, ಅದು ನನಗೆ ಸಿಗಲಿಲ್ಲ. ಅಲ್ಲೂ ಕರಗಿಸೋ ಹಾಗಿಲ್ಲ. ಒಂದು ಪೆನ್ನಿ ಮಾಡೋಕೆ ಮೂರೂವರೆ ಸೆಂಟಿಗಿಂತ ಜಾಸ್ತಿ ಖರ್ಚು ಬರ್ತಿತ್ತಂತೆ, ನಷ್ಟದ ವ್ಯಾಪಾರ ಅಂತ 2025ರ ನವೆಂಬರ್ 12ಕ್ಕೆ ಫಿಲಡೆಲ್ಫಿಯಾದಲ್ಲಿ ಕೊನೇದಾಗಿ ಅಚ್ಚು ಹಾಕಿ ಚಲಾವಣೆಗೆ ಮಾಡೋದನ್ನ ನಿಲ್ಲಿಸಿದ್ರು. ಮಗ ಈಗ ಫೋನ್ ಮಾಡಿ ಅಮ್ಮ ಆ ಭರಣಿ ಎಲ್ಲಿಟ್ಟೆ ಅಂತ ಕೇಳ್ತಾನೆ!

ನಿಮಗೆ ಹೇಳೋದಿಷ್ಟೇ ಮಗಾ, ರಾತ್ರಿ ಆರಿಸ್ಬೇಡ. ಬಿಸಿಲಲ್ಲಿ ಕೂತು ಆರಿಸು, ಟ್ಯೂಬ್‌ಲೈಟಲ್ಲಿ ವಜ್ರಾನೂ ಚುಕ್ಕೀನೂ ಒಂದೇ ಥರ ಕಾಣುತ್ತೆ.


ಮಡಗಾಂವ್_ಮಾರ್ಕೆಟ್:

ಗೋವಾದಿಂದ ಒಂದು ಸಣ್ಣ ಸೇರ್ಪಡೆ. ಡಬ್ಬದಲ್ಲಿ ಎಸ್ತಾದೊ ದ ಇಂಡಿಯಾ ಅಂತ ಬರೆದದ್ದು ಏನಾದ್ರೂ ಇದ್ರೆ ಆಟದ ಕಾಸು ಅಂತ ಬಿಸಾಡ್ಬೇಡಿ, ಅದು ಪೋರ್ಚುಗೀಸರ ಕಾಲದ ಗೋವಾ ದುಡ್ಡು. ಮೊದಲು ರುಪಿಯಾ ಅಂತಿತ್ತು, ಒಂದಕ್ಕೆ ಹದಿನಾರು ತಾಂಗಾ, 1958ರಲ್ಲಿ ಎಸ್ಕುದೊ ತಂದ್ರು, ಒಂದು ರುಪಿಯಾಗೆ ಆರು ಎಸ್ಕುದೊ. ಮೂರು ವರ್ಷಕ್ಕೆ ಗೋವಾನೇ ಬಿಡುಗಡೆ ಆಯ್ತು. ನಮ್ಮ ಮನೆ ಓನರ್ ಅಜ್ಜಿ ಆ ಎಸ್ಕುದೊ ಒಂದನ್ನ ಅಲುಗಾಡೋ ಕಪಾಟಿನ ಕಾಲಿಗೆ ಕೊಟ್ಟಿದ್ರು, ನಾನು ಹತ್ತು ರೂಪಾಯಿ ಇಟ್ಟು ಅದನ್ನ ತೆಗ್ದೆ, ಹತ್ತು ದಪ್ಪ ಅಂತ ಈಗ ಕಪಾಟು ಆ ಕಡೆ ವಾಲಿದೆ.


ಗಲ್ಲಾದ_ಮಗ (ಭಾಂಡುಪ್):

ಎಲ್ರಿಗೂ ಥ್ಯಾಂಕ್ಸ್. ಅಜ್ಜಿ ಹೇಳಿದ ಹಾಗೆ ಆದಿತ್ಯವಾರ ಟೆರೇಸಿನಲ್ಲಿ ಚಾಪೆ ಹಾಸಿ ಕೂತೆವು, ಅಪ್ಪನೂ ಬಂದ್ರು. ಎರಡು ಡಬ್ಬ ಮುಗೀತು. ಮುಂಬೈ ವಜ್ರದ್ದೇ ಜಾಸ್ತಿ, ಹೈದರಾಬಾದು ಅದಕ್ಕಿಂತ ಕಮ್ಮಿ. ನಾರಾಯಣ ಗುರುಗಳದ್ದು ಮೂರು, ಬಸವಣ್ಣನವರದ್ದು ಎರಡು ಸಿಕ್ಕಿತು. ಬೆಳಗಾವಿಯವ್ರೆ, ನೀವು ಹೇಳದಿದ್ರೆ ಆ ನಿಕ್ಕಲಿನ ದೊಡ್ಡ ರೂಪಾಯಿ ಬ್ಯಾಂಕಿಗೆ ಹೋಗ್ತಿತ್ತು, ನಾಲ್ಕು ಉಂಟು.

ಸಮಸ್ಯೆ ಮೂರನೇ ಡಬ್ಬದ್ದು. ಮುಚ್ಚಳ ತೆಗೆಯುವಾಗ ಅಪ್ಪ "ಅದಕ್ಕೆ ಕೈ ಹಾಕ್ಬೇಡ" ಅಂದ್ರು. ಎಂತಕ್ಕೆ ಅಂದ್ರೆ, ಅದು ಧರ್ಮಸ್ಥಳದ ಮುಡಿಪು ಅಂತೆ. ಹೋಟೆಲು ಹಾಕಿದ ವರ್ಷ ಹರಕೆ ಹೊತ್ತದ್ದು, ದಿನಾ ಬೆಳಿಗ್ಗೆ ಮೊದಲ ಬೋಣಿಯಲ್ಲಿ ಒಂದು ಕಾಯಿನ್ ಅದಕ್ಕೆ. ಊರಿಗೆ ಹೋದಾಗ ಕಟ್ಟಿಕೊಂಡು ಹೋಗಿ ಹಾಕ್ತಿದ್ರಂತೆ, ಕೊರೊನಾದ ನಂತ್ರ ಹೋದದ್ದೇ ಇಲ್ಲ, ಹಾಗಾಗಿ ತುಂಬಿ ಕೂತಿದೆ. ನನಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ. ಈಗ ಅದರಲ್ಲಿರುವುದನ್ನು ನೋಡ್ಬಹುದಾ, ಒಳ್ಳೇದು ಉಂಟಾದ್ರೆ ಬದಲಿ ಹಾಕಿ ತೆಗೀಬಹುದಾ?


ಮುಲುಂಡ್_ಅಜ್ಜಿ:

ಅಯ್ಯೋ, ಅದನ್ನ ನಮ್ಮನ್ನ ಕೇಳ್ತೀಯಲ್ಲಪ್ಪ, ಹರಕೆ ಹೊತ್ತವರು ಮನೇಲೇ ಇದಾರಲ್ಲ.


ಕ್ಯಾಶ್‌ಕೌಂಟರ್ (ಮಾಟುಂಗಾ):

ನಾನು ಬಾಯಿ ಬಿಡಲ್ಲ. ಕೌಂಟರಿನ ಆ ಕಡೆ ಇರೋ ದುಡ್ಡಿಗೆ ಕೈ ಹಾಕ್ಬಾರ್ದು ಅಂತ ನನಗೆ ಕಲಿಸಿದಾರೆ.


ಗಲ್ಲಾದ_ಮಗ (ಭಾಂಡುಪ್):

ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತು, ಆಮೇಲೆ "ಒಂದು ತೆಗೆದ್ರೆ ಹತ್ತು ಹಾಕು, ದೇವ್ರಿಗೆ ಲಾಸ್ ಆಗ್ಬಾರ್ದು" ಅಂದ್ರು. ಎದುರಲ್ಲೇ ಕೂತು ಲೆಕ್ಕ ಹಿಡಿದ್ರು, ಗಲ್ಲಾದಲ್ಲಿ ಕೂತ ಹಾಗೆಯೇ.

1985ರ ಎಚ್ ಅದರಲ್ಲೇ ಇತ್ತು ಮಾರಾಯ್ರೆ. ಹತ್ತು ರೂಪಾಯಿ ಬಿತ್ತು. ಅಕ್ಕನ ಮಗ ವೈಷ್ಣೋದೇವಿಯ ಐದು ರೂಪಾಯಿ ಒಂದು ಹಿಡಿದು ಕುಣಿಯುತ್ತಿದ್ದ, ಅದಕ್ಕೆ ಐವತ್ತು ಹಾಕು ಅಂದ ಕೂಡ್ಲೇ ವಾಪಸ್ ಡಬ್ಬಕ್ಕೆ ಬಿಟ್ಟ.