ರಾತ್ರಿ ಮೈನಸ್ 5 ಡಿಗ್ರಿ: ಗಿಡ, ಮೀನು, ಹಕ್ಕಿಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಈ ವಾರ ರಾತ್ರಿ ಮೈನಸ್ 5 ಡಿಗ್ರಿಗೆ ಇಳಿಯುತ್ತದಂತೆ. ಕುಂಡದಲ್ಲಿ ಗುಲಾಬಿ, ನಿಂಬೆ ಇವೆ. ನೆಲದಲ್ಲಿ ಈ ವರ್ಷ ನೆಟ್ಟ ಪೊದೆಗಿಡಗಳು, ಜೊತೆಗೊಂದು ಮೀನುಕೊಳ. ಹಕ್ಕಿಗಳೂ ಬರುತ್ತವೆ. ಗಿಡಕ್ಕೆ ಪ್ಲಾಸ್ಟಿಕ್ ಹೊದಿಸಿದರೆ ಸಾಕೇ?

ಕುಂಡಪ್ರಿಯ: ನಿಂಬೆಯನ್ನು ಇವತ್ತೇ ಒಳಗೆ ತನ್ನಿ, ಹೊದಿಕೆ ನಂಬಿಕೊಂಡು ಹೊರಗೆ ಬಿಡಬೇಡಿ. ಹೀಟರ್ ಪಕ್ಕ ಇಡಬೇಡಿ, ಬೆಳಕಿರುವ ತಂಪು ಕೋಣೆ ಸಾಕು. ಗುಲಾಬಿ ಹೊರಗಿರಲಿ, ಆದರೆ ಅದರ ಬೇರು ಕಾಯಬೇಕು. ನೆಲದಲ್ಲಿರುವ ಬೇರಿಗೆ ಚಳಿ ಮೇಲಿನಿಂದ ಮಾತ್ರ, ಕುಂಡದಲ್ಲಾದರೆ ಸುತ್ತಲಿಂದಲೂ. ಕುಂಡಗಳನ್ನು ಗೋಡೆಗೆ ತಾಗಿಸಿ ಒತ್ತೊತ್ತಾಗಿ ಜೋಡಿಸಿ, ಎರಡು ಮೂರು ಸುತ್ತು ಗೋಣಿತಟ್ಟು ಕಟ್ಟಿ. ತಳಕ್ಕೆ ಇಟ್ಟಿಗೆ ಚೂರು ಕೊಟ್ಟು ಎತ್ತರಿಸಿ, ನೀರು ಬಸಿಯಲಿ. ನೀರು ಗಡ್ಡೆಯಾಗುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಮಣ್ಣಿನ ಕುಂಡ ಸೀಳುವುದು ಅದಕ್ಕೇ.

ಹಸಿರುಮನೆ: ಪ್ಲಾಸ್ಟಿಕ್ ಎಲೆಗೆ ತಾಗಿದ ಕಡೆಯೆಲ್ಲ ಎಲೆ ಕರಕಲಾಗುತ್ತದೆ. ಹಳೆ ಬೆಡ್‌ಶೀಟ್ ವಾಸಿ. ಗಿಡದ ಸುತ್ತ ನಾಲ್ಕು ಕೋಲು ನೆಟ್ಟು ಅದರ ಮೇಲೆ ಹೊದಿಸಿ. ಬಹಳ ಜನ ಬಟ್ಟೆಯನ್ನು ಕಾಂಡಕ್ಕೆ ಬಿಗಿದು ಕಟ್ಟುತ್ತಾರೆ, ಅದು ವ್ಯರ್ಥ. ಗಿಡಕ್ಕೆ ಹೇಳಿಕೊಳ್ಳುವಂಥ ಸ್ವಂತ ಶಾಖವಿಲ್ಲ. ಹೊದಿಕೆ ತಡೆಹಿಡಿಯಬೇಕಾದ್ದು ನೆಲದಿಂದ ಏಳುವ ಶಾಖವನ್ನು, ಹಾಗಾಗಿ ಅಂಚು ನೆಲ ಮುಟ್ಟಿರಬೇಕು, ಮೇಲೆ ಕಲ್ಲು ಹೇರಬೇಕು. ಹೊತ್ತು ಮುಳುಗುವ ಮೊದಲೇ ಹೊದಿಸಿ, ಬೆಳಿಗ್ಗೆ ಸೊನ್ನೆ ದಾಟಿದ ಮೇಲೆ ತೆಗೆಯಿರಿ. ಮೋಡವಿಲ್ಲದೆ, ಗಾಳಿಯೂ ಇಲ್ಲದ ರಾತ್ರಿಯೇ ಹೆಚ್ಚು ಅಪಾಯ.

ನೆಲ ಇನ್ನೂ ಗಡ್ಡೆಕಟ್ಟಿಲ್ಲದಿದ್ದರೆ ಮಧ್ಯಾಹ್ನ ನೀರುಣಿಸಿ. ಒಣಮಣ್ಣಿಗಿಂತ ಹಸಿಮಣ್ಣು ಹೆಚ್ಚು ಶಾಖ ಹಿಡಿದಿಡುತ್ತದೆ. ಎಲೆ ಉದುರಿಸದ ಗಿಡಗಳು ಚಳಿಗಾಲದಲ್ಲಿ ಬಾಯಾರಿಕೆಯಿಂದಲೂ ಸಾಯುತ್ತವೆ, ಎಲೆ ನೀರು ಬಿಡುತ್ತಿರುತ್ತದೆ, ಗಡ್ಡೆಕಟ್ಟಿದ ನೆಲದಿಂದ ಬೇರು ಹೀರಲಾರದು. ಬುಡದ ಸುತ್ತ 5ರಿಂದ 8 ಸೆಂ.ಮೀ. ತರಗೆಲೆ ಹರಡಿ, ಕಾಂಡಕ್ಕೆ ತಾಗಿದರೆ ಕೊಳೆಯುತ್ತದೆ. ಹೊಸ ಗಿಡ ಬೇರುಸಮೇತ ಮೇಲೆದ್ದಿದ್ದರೆ ಮಣ್ಣು ಕರಗಿದ ಮೇಲೆ ಕೈಯಿಂದ ಒತ್ತಿ ಕೂರಿಸಿ. ಕರಕಲಾದ ರೆಂಬೆ ಈಗ ಕತ್ತರಿಸಬೇಡಿ. ಕತ್ತರಿಸಿದರೆ ಎಳೆಚಿಗುರು ಬರಬಹುದು, ಮುಂದಿನ ಚಳಿಗೆ ಅದೂ ಹೋಗುತ್ತದೆ.

ಕೊಳದಂಚು: ಕೊಳದ ಗಡ್ಡೆಯನ್ನು ಸುತ್ತಿಗೆಯಿಂದ ಒಡೆಯಬೇಡಿ, ಆ ಹೊಡೆತದ ಕಂಪನ ಮೀನಿಗೆ ಪೆಟ್ಟು. ಬಿಸಿನೀರು ತುಂಬಿದ ಪಾತ್ರೆಯನ್ನು ಗಡ್ಡೆಯ ಮೇಲಿಟ್ಟರೆ ತೂತಾಗುತ್ತದೆ, ಕೊಳೆತ ಎಲೆಯ ಅನಿಲ ಹೊರಹೋಗಲು ಅಷ್ಟು ಸಾಕು. ಗಡ್ಡೆಯ ಮೇಲೆ ನಡೆಯಬೇಡಿ. ಪಂಪ್ ತಳದಲ್ಲಿದ್ದರೆ ಮೇಲೆತ್ತಿ, 4 ಡಿಗ್ರಿಯ ನೀರು ಅತಿ ಭಾರವಾಗಿ ಕೆಳಗೆ ನಿಂತಿರುತ್ತದೆ, ಮೀನು ಅಲ್ಲೇ ಇರುತ್ತದೆ, ಅದನ್ನು ಕಲಕಬಾರದು. ಈ ಚಳಿಗೆ ಮೀನಿಗೆ ಆಹಾರ ಹಾಕಬೇಡಿ, ಜೀರ್ಣವಾಗುವುದಿಲ್ಲ.

ಪ್ರಶ್ನೆ ಕೇಳಿದವರು: ಧನ್ಯವಾದ. ಹಕ್ಕಿ ನೀರಿನ ತಟ್ಟೆಗೆ ಚಿಟಿಕೆ ಉಪ್ಪು ಹಾಕಿದರೆ ಗಡ್ಡೆಯಾಗದಲ್ಲವೇ?

ಹಕ್ಕಿನೋಟ: ಬೇಡವೇ ಬೇಡ. ಗಡ್ಡೆ ತಡೆಯುವಷ್ಟು ಉಪ್ಪು ಹಕ್ಕಿಗೆ ವಿಷ, ಕಾರಿನ ಕೂಲಂಟ್ ಇನ್ನೂ ಅಪಾಯ. 3ರಿಂದ 5 ಸೆಂ.ಮೀ. ಆಳದ ತಟ್ಟೆಯಲ್ಲಿ ದಿನಕ್ಕೆ ಎರಡು ಬಾರಿ ಉಗುರುಬೆಚ್ಚಗಿನ ನೀರು ಬದಲಿಸಿ. ಉಪ್ಪಿಲ್ಲದ ಕಡಲೆಕಾಯಿ ಬೀಜ, ಸೂರ್ಯಕಾಂತಿ ಬೀಜ ಕೊಡಿ, ಕೊಬ್ಬಿನಂಶ ಚಳಿರಾತ್ರಿಗೆ ಬೇಕು. ಕಡಲೆಕಾಯಿ ಬೀಜವನ್ನು ಒಡೆದು ಹಾಕಿ. ಮಿಕ್ಕಿದ್ದನ್ನು ಸಂಜೆ ತೆಗೆದು ತಟ್ಟೆ ತೊಳೆಯಿರಿ, ಇಲ್ಲದಿದ್ದರೆ ಹಕ್ಕಿಗಳಿಗೆ ರೋಗ ಹರಡುತ್ತದೆ, ಇಲಿಯೂ ಬರುತ್ತದೆ.

ಇನ್ನೊಂದು, ತೋಟವನ್ನು ಈಗ ಗುಡಿಸಿ ಚೊಕ್ಕಟ ಮಾಡಬೇಡಿ. ಟೊಳ್ಳು ದಂಟಿನಲ್ಲಿ ಒಂಟಿ ಜೇನು, ತರಗೆಲೆ ರಾಶಿಯಲ್ಲಿ ಗುಲಗಂಜಿ ಹುಳು, ಕಪ್ಪೆ ಚಳಿಗಾಲ ಕಳೆಯುತ್ತವೆ. ರಾಶಿಗೆ ಬೆಂಕಿ ಇಡಲೇಬೇಕಾದರೆ ಮೊದಲು ಬೇರೆ ಕಡೆಗೆ ಸರಿಸಿ ನೋಡಿ.