ವ್ಯಾಂಪೈರ್ ಟಿ.11: ಕಾಕ್‌ಪಿಟ್ ಪಕ್ಕದ ಪ್ಲೈವುಡ್ ಉಬ್ಬಿದೆ, ಎಪಾಕ್ಸಿ ಅಂಟು ತುಂಬಬಹುದಾ?

ಲೆಸ್ಟರ್_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ನಾವು ನಾಲ್ಕು ಜನ ಸೇರಿ ಡಿ ಹ್ಯಾವಿಲೆಂಡ್ ವ್ಯಾಂಪೈರ್ ಟಿ.11 ವಿಮಾನದ ಮುಂಭಾಗ ಉಳಿಸಿಕೊಳ್ಳೋಕೆ ನೋಡ್ತಿದ್ದೀವಿ. ರೆಕ್ಕೆ, ಬಾಲ ಯಾವುದೂ ಇಲ್ಲ. ಇಬ್ಬರು ಅಕ್ಕಪಕ್ಕ ಕೂರುವ ಮರದ ಗೂಡು ಮಾತ್ರ. ಹಾರಿಸಲ್ಲ, ಪ್ರದರ್ಶನಕ್ಕೆ ಇಡ್ತೀವಿ.

ಚಳಿಗಾಲ ಪೂರ್ತಿ ಶೆಡ್ಡಿನಲ್ಲಿ ಟಾರ್ಪಾಲಿನ್ ಸುತ್ತಿ ಬಿಗಿಯಾಗಿ ಕಟ್ಟಿದ್ದೆವು. ಮಾರ್ಚಿನಲ್ಲಿ ಬಿಚ್ಚಿದರೆ ಎಡಗಡೆ, ಸೀಟಿನ ಕೆಳಗೆ ಗೂಡಿನ ಮೈ ಬಾಗುವ ಜಾಗದಲ್ಲಿ, ಅಂಗೈ ಅಗಲ ಉಬ್ಬಿದೆ. ಹೆಬ್ಬೆರಳಲ್ಲಿ ಒತ್ತಿದರೆ ತಗ್ಗಿ, ನಿಧಾನಕ್ಕೆ ಮೇಲೆ ಬರುತ್ತೆ. ಪಕ್ಕದ ಸ್ಕ್ರೂ ತಿರುಗುತ್ತಲೇ ಇರುತ್ತೆ, ಬಿಗಿಯಾಗಲ್ಲ. ಸಿರಿಂಜಿನಲ್ಲಿ ಎಪಾಕ್ಸಿ ಬಿಟ್ಟು ಕ್ಲ್ಯಾಂಪ್ ಹಾಕಿ ಅಂತ ಗೆಳೆಯರೊಬ್ಬರು ಹೇಳಿದ್ರು. ಈ ಭಾನುವಾರ ಮಾಡಬಹುದಾ?

ಮರಗೆಲಸ_ರಾಘು

ದಯವಿಟ್ಟು ಭಾನುವಾರ ಏನನ್ನೂ ತುಂಬಬೇಡಿ.

ವ್ಯಾಂಪೈರ್ ಜೆಟ್ ಆದರೂ ಅದರ ಗೂಡು ಎರಡನೇ ಮಹಾಯುದ್ಧದ ಮರದ ವಿಮಾನ ಮಸ್ಕಿಟೋ ಥರವೇ: ಎರಡು ತೆಳು ಪ್ಲೈವುಡ್ ಪದರ, ನಡುವೆ ಬಾಲ್ಸಾ ಅನ್ನೋ ತುಂಬಾ ಹಗುರ ಮರ. ರೆಕ್ಕೆ, ಬಾಲ, ಬಾಲ ಹಿಡಿದಿರೋ ಉದ್ದನೆ ತೋಳು (ಬೂಮ್) ಲೋಹ. ನೀರು ಒಳಗೆ ಹೋದರೆ ಬಾಲ್ಸಾ ಸ್ಪಂಜಿನ ಹಾಗೆ ಹಿಡಿದಿಟ್ಟುಕೊಳ್ಳುತ್ತೆ. ಒದ್ದೆ ಮರಕ್ಕೆ ಎಪಾಕ್ಸಿ ಸರಿಯಾಗಿ ಹಿಡಿಯಲ್ಲ. ಮೇಲಾಗಿ ನೀರು ಆರಿಹೋಗುವ ದಾರಿಯನ್ನೂ ಮುಚ್ಚಿಬಿಡುತ್ತೆ. ಹಳೇ ಮರದ ಗ್ಲೈಡರ್ ಒಂದಕ್ಕೆ ನಾನು ಹಾಗೇ ಮಾಡಿದ್ದೆ. ಎರಡನೇ ವರ್ಷ ತೇಪೆಯ ಸುತ್ತ ಮರ ಪುಡಿಪುಡಿ ಆಗಿತ್ತು, ಗಟ್ಟಿಯಾದ ಎಪಾಕ್ಸಿ ಕೀಳೋಕೆ ಹೋಗಿ ಒಳ್ಳೆ ಮರವೂ ಕಿತ್ತುಬಂತು. ಇವತ್ತಿಗೂ ಅದು ನನಗೆ ಸಂಕಟ.

ಮೊದಲು ತಟ್ಟಿ ನೋಡಿ. ಹಲಸಿನ ಹಣ್ಣು ತಟ್ಟಿ ನೋಡ್ತೀವಲ್ಲ, ಕಿವಿ ಅಷ್ಟೇ ಹತ್ತಿರ ಇರಲಿ. ಒಂದು ನಾಣ್ಯ ತಗೊಂಡು ಒಂದೊಂದು ಅಂಗುಲಕ್ಕೂ ತಟ್ಟುತ್ತಾ ಹೋಗಿ. ಚೆನ್ನಾಗಿರೋ ಜಾಗ ‘ಟಕ್’ ಅನ್ನುತ್ತೆ, ಅಂಟು ಬಿಟ್ಟ ಜಾಗ ‘ಬದ್’ ಅನ್ನುತ್ತೆ. ಸದ್ದು ಬದಲಾಗೋ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಕಣ್ಣಿಗೆ ಅಂಗೈ ಅಗಲ ಕಂಡಿದ್ದು ಮೊರದಗಲ ಆದರೂ ಗಾಬರಿಯಾಗಬೇಡಿ.

ಆಮೇಲೆ ತೇವಾಂಶ ಮೀಟರ್. ಬಾಲ್ಸಾದಲ್ಲಿ ಅದರ ಅಂಕಿ ಕರಾರುವಾಕ್ಕಾಗಿ ಇರಲ್ಲ, ಚೆನ್ನಾಗಿರೋ ಕಡೆಗೆ ಹೋಲಿಸಿ ನೋಡೋಕೆ ಸಾಕು. ಸಾಮಾನ್ಯವಾಗಿ ಮರದ ತೇವ ಶೇ. 20 ದಾಟಿದರೆ ಕೊಳೆಸೋ ಶಿಲೀಂಧ್ರಕ್ಕೆ ಅನುಕೂಲ.

ನೀರು ಎಲ್ಲಿಂದ ಬಂತು ಅನ್ನೋದೇ ಮುಖ್ಯ. ಕೆನಪಿಯ (ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ) ರಬ್ಬರ್ ಬಿರುಕು ಬಿಟ್ಟಿದೆಯಾ? ಅಡಿಯಲ್ಲಿ ನೀರು ಬಸಿಯೋ ತೂತು ತೆರೆದಿದೆಯಾ? ಟಾರ್ಪಾಲಿನ್ ಬಿಗಿದು ಕಟ್ಟಿದ್ದರಿಂದ ಒಳಗಿನ ಹಬೆ ರಾತ್ರಿ ಚಳಿಗೆ ಹನಿಯಾಗಿ ಅಲ್ಲೇ ಇಳಿದಿರಬೇಕು. ಹೀಟರ್ ಇಟ್ಟು ಅವಸರದಲ್ಲಿ ಒಣಗಿಸಬೇಡಿ, ಪ್ಲೈ ಸೀಳುತ್ತೆ. ಡಿಹ್ಯೂಮಿಡಿಫೈಯರ್ ಇಟ್ಟು ಗಾಳಿಯ ತೇವ ಶೇ. 55ರ ಹತ್ತಿರ ವಾರಗಟ್ಟಲೆ ಹಿಡಿದಿಡಿ.

ಹಳೇ_ಡಯಲ್

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಕಾಕ್‌ಪಿಟ್ ಒಳಗೆ ಕೈ ಹಾಕೋ ಮುಂಚೆ ಎಜೆಕ್ಷನ್ ಸೀಟಿನ (ಅಪಾಯದಲ್ಲಿ ಪೈಲಟ್‌ನ ಹೊರಗೆ ಚಿಮ್ಮಿಸೋ ಸೀಟು) ಸಿಡಿಮದ್ದು ಎಲ್ಲಾ ತೆಗೆದಿದ್ದಾರಾ ಅಂತ ಬಲ್ಲವರ ಹತ್ತಿರ ಪರೀಕ್ಷೆ ಮಾಡಿಸಿ. ಕಾಗದದಲ್ಲಿ ಬರೆದಿದೆ ಅಂತ ನಂಬಬೇಡಿ. ಕತ್ತಲಲ್ಲಿ ಹೊಳೆಯೋಕೆ ಡಯಲಿನ ಮುಳ್ಳಿಗೆ ಬಳಿದ ಬಣ್ಣದಲ್ಲಿ ರೇಡಿಯಂ ಇರಬಹುದು. ಹೊಳಪು ಸತ್ತಿದ್ದರೂ ವಿಕಿರಣ ಇರುತ್ತೆ, ಅದರ ಅರ್ಧಾಯುಷ್ಯ ಸುಮಾರು 1,600 ವರ್ಷ. ಡಯಲ್ ಬಿಚ್ಚಬೇಡಿ, ಕೆರೆಯಬೇಡಿ.

ಲೆಸ್ಟರ್_ಕನ್ನಡಿಗ

ಆರು ವಾರ ಆಯ್ತು. ಸೀಟು ಪರೀಕ್ಷೆ ಮಾಡಿಸಿದೆವು, ಮದ್ದಿಲ್ಲ. ಡಯಲ್ ಮುಟ್ಟಿಲ್ಲ.

ರಾಘು ಸರ್, ನೀವು ಹೇಳಿದ್ದೇ ನಿಜ. ಅಡಿಯ ತೂತಿನ ಮೇಲೆ ಯಾರೋ ಯಾವಾಗಲೋ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು. ಬಿದಿರು ಕಡ್ಡಿಯಲ್ಲಿ ಚುಚ್ಚಿದೆ. ಡಿಕಾಕ್ಷನ್ ಬಣ್ಣದ ನೀರು ಅರ್ಧ ಲೋಟ ಇಳಿಯಿತು. ಆಗ ನಾಲ್ಕೂ ಜನ ಸುಮ್ಮನೆ ನಿಂತುಬಿಟ್ಟೆವು. ಮೀಟರ್ 28 ತೋರಿಸ್ತಿದ್ದಿದ್ದು ಈಗ 16, ಚೆನ್ನಾಗಿರೋ ಕಡೆ 13. ತಟ್ಟಿ ಗುರುತು ಹಾಕಿದ ಜಾಗ ಮೊಳದುದ್ದ ಬಂತು.

ಮರಗೆಲಸ_ರಾಘು

ನೀರು ಹೊರಗೆ ಬಂತಲ್ಲ, ತುಂಬಾ ಸಂತೋಷ. 13ರ ಹತ್ತಿರ ಬರೋವರೆಗೆ ಕಾಯಿರಿ.

ಆಮೇಲೆ ಹೊರಗಿನ ಪ್ಲೈ ಮಾತ್ರ ಉಳಿಯಲ್ಲಿ ಎಬ್ಬಿಸಿ, ಮೆತ್ತಗಾದ ಬಾಲ್ಸಾ ತೆಗೆದು ಹೊಸದು ಕೂರಿಸಿ. ಹೊಸ ಪ್ಲೈ ಬರ್ಚ್ ಮರದ್ದೇ, ವಿಮಾನಕ್ಕೆಂದೇ ಮಾಡಿದ್ದು ಇರಲಿ. ಅಂಚಿಗೆ ಅಂಚು ತಾಗಿಸಿ ಅಂಟಿಸಬೇಡಿ. ಎರಡೂ ಅಂಚು ಓರೆಯಾಗಿ ಕೆತ್ತಿ, ದಪ್ಪದ 12 ಪಟ್ಟು ಉದ್ದಕ್ಕೆ: 1.5 ಮಿ.ಮೀ. ಪ್ಲೈ ಆದರೆ 18 ಮಿ.ಮೀ. ಅಂಟಿನ ಡಬ್ಬಿ ಮೇಲೆ ಹೇಳಿರೋ ಉಷ್ಣತೆ ಶೆಡ್ಡಿನಲ್ಲಿ ಇರೋ ದಿನವೇ ಅಂಟಿಸಿ.

ಮೇಲೆ ಬಟ್ಟೆ ಹೊದಿಸಿ ಡೋಪ್ (ಬಟ್ಟೆಯನ್ನು ಬಿಗಿಯಾಗಿಸೋ ವಾರ್ನಿಷ್) ಬಳಿಯಿರಿ. ಮಸ್ಕಿಟೋಗೆ ಹೊದಿಸ್ತಿದ್ದ ನಯವಾದ ಹತ್ತಿ ಬಟ್ಟೆಗೆ ಮಡಪೋಲಂ ಅಂತ ಹೆಸರು. ಆ ಹೆಸರು ಹೋಗಿದ್ದು ನಮ್ಮ ಪಕ್ಕದ ಆಂಧ್ರದ ನರಸಾಪುರದ ಹತ್ತಿರದ ಊರಿಂದ. ಡೋಪ್ ಬಳಿಯುವಾಗ ಬಾಗಿಲು ತೆರೆದಿರಲಿ, ಹತ್ತಿರ ಬೆಂಕಿ ಬೇಡವೇ ಬೇಡ.

ಕಿತ್ತ ತುಂಡು ಬಿಸಾಡಬೇಡಿ. ದಿನಾಂಕ ಬರೆದು ಎತ್ತಿಡಿ.

ಲೆಸ್ಟರ್_ಕನ್ನಡಿಗ

ಆಗಲಿ ಸರ್. ಬಣ್ಣ ಕೆರೆದಾಗ ಕೆಳಗೆ ಹಳೇ ಬೆಳ್ಳಿ ಬಣ್ಣದ ಪದರ ಸಿಕ್ಕಿದೆ. ಅದರ ಮೇಲಿನ ಸಣ್ಣ ಅಕ್ಷರಗಳನ್ನು ಟ್ರೇಸಿಂಗ್ ಪೇಪರಿನಲ್ಲಿ ತೆಗೆದುಕೊಂಡ ಮೇಲೇ ಉಳಿ ಹಿಡಿಯುತ್ತೇವೆ.