ಮನೆ ಗುಂಪಿಗೆ ಬಂದ ಸ್ಕಾಲರ್‌ಶಿಪ್ ಮೆಸೇಜು

ಸರೋಜತ್ತೆ, ಫಾರ್ವರ್ಡ್: ಪಿಯುಸಿಯಲ್ಲಿ ಶೇ. 75 ದಾಟಿದವರಿಗೆ 10,000 ರೂಪಾಯಿ, ಶೇ. 85 ದಾಟಿದವರಿಗೆ 25,000!! ಅಬ್ದುಲ್ ಕಲಾಂ ವಾಜಪೇಯಿ ಸ್ಕಾಲರ್‌ಶಿಪ್. ಫಾರಂ ನಗರಸಭೆಯಲ್ಲಿ ಸಿಗುತ್ತದೆ. ಎಲ್ಲ ಗುಂಪಿಗೂ ಕಳಿಸಿ 🙏

ಸರೋಜತ್ತೆ: ರಮೇಶ, ಪ್ರಜ್ವಲ್‌ಗೆ 86 ಬಂದಿದೆ ಅಲ್ವಾ? ಬೇಗ ಫಾರಂ ತರಿಸು. ನಮ್ಮಂಥವರಿಗೆ ಇದನ್ನೆಲ್ಲ ಯಾರೂ ಹೇಳುವುದಿಲ್ಲ.

ಸುಮಾ: ಅತ್ತೆ, ಇದು ಸುಳ್ಳು. ರಿಸಲ್ಟ್ ಬಂದರೆ ಸಾಕು, ಇದೇ ಮೆಸೇಜು ಓಡಾಡುತ್ತೆ. ಇಂಥ ಸ್ಕಾಲರ್‌ಶಿಪ್ಪೇ ಇಲ್ಲ. ಯಾವ ಇಲಾಖೆ, ಕೊನೇ ದಿನ ಯಾವುದು, ಒಂದಾದರೂ ಇದೆಯಾ? ನಿಮಗೆ ಕಳಿಸಿದ್ದು ಯಾರು?

ಸರೋಜತ್ತೆ: ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವರು. ಅವರಿಗಿಂತ ನಿನಗೆ ಜಾಸ್ತಿ ಗೊತ್ತಾ? ನಾನು ಏನು ಹಾಕಿದರೂ ಪುರಾವೆ ಕೇಳುತ್ತೀಯ. ಹೋದ ಸಲ ಬಿಪಿ ಕಷಾಯದ ವಿಷಯದಲ್ಲೂ ಎಲ್ಲರ ಮುಂದೆ ಹೀಗೇ ಮಾಡಿದೆ.

ದೊಡ್ಡಪ್ಪ: ಸುಮಾ, ದೊಡ್ಡವರ ಹತ್ತಿರ ದನಿ ತಗ್ಗಿರಲಿ. ನಾನು ಸಿದ್ಧಗಂಗಾ ಮಠದಲ್ಲಿದ್ದು ಓದಿದವನು. ಊಟ, ವಸತಿ ಎಲ್ಲ ಮಠದ್ದೇ. ಯಾರ ಮುಂದೆಯೂ ಅರ್ಜಿ ಹಿಡಿದು ನಿಲ್ಲಲಿಲ್ಲ. ಈಗಿನವರಿಗೆ ಓದಿಗಿಂತ ಫಾರಂ ಮುಖ್ಯ.

ಗಿರೀಶ: ಮಠ ಅಂದರೆ ನನಗೆ ಶಿವರಾತ್ರಿ ಹೊತ್ತಿನ ದನಗಳ ಪರಿಷೆ. ತಾತ ಟವೆಲ್ ಕೆಳಗೆ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುತ್ತಿದ್ದರು, ವ್ಯಾಪಾರ ಆದರೆ ನಮಗೆಲ್ಲ ಬತ್ತಾಸು! ಆ ಫೋಟೋ ಯಾರ ಹತ್ತಿರ ಇದೆ?

ರಮೇಶ ಚಿಕ್ಕಪ್ಪ: ಫೋಟೋ ಆಮೇಲೆ ನೋಡೋಣ ಗಿರೀಶ. ಅಣ್ಣ, ನನ್ನ ದೊಡ್ಡ ಮಗಳ ಇಂಜಿನಿಯರಿಂಗ್ ಸಾಲಕ್ಕೆ ಜಾಮೀನು ಸಹಿ ಕೇಳಿಕೊಂಡು ನಿಮ್ಮ ಬಾಗಿಲಿಗೆ ಬಂದಿದ್ದೆ. ನೋಡೋಣ ಅಂದಿರಿ. ಇವತ್ತಿಗೂ ಉತ್ತರ ಬಂದಿಲ್ಲ.

ದೊಡ್ಡಪ್ಪ: ಆಗ ನನ್ನ ಮನೆ ಮೇಲೇ ಸಾಲ ಇತ್ತು. ಅದನ್ನು ಇಲ್ಲಿ ಎತ್ತಬೇಕಿತ್ತಾ?

ಸರೋಜತ್ತೆ: ಒಳ್ಳೇದಕ್ಕೆ ಕಳಿಸಿದರೆ ಜಗಳಕ್ಕೆ ಬಂತು.

ಸುಮಾ: ಇದನ್ನಾದರೂ ಪೂರ್ತಿ ಓದಿ ಪ್ಲೀಸ್. ನಾನು ಕಾಲೇಜು ಆಫೀಸಿನಲ್ಲಿ ದಿನಾ ನೋಡುವುದು ಇವೇ ಅರ್ಜಿಗಳನ್ನ. 7.5 ಲಕ್ಷದವರೆಗಿನ ಓದಿನ ಸಾಲಕ್ಕೆ ಕೇಂದ್ರದ ಖಾತರಿ ಯೋಜನೆ ಇದೆ, ಹೊರಗಿನವರ ಜಾಮೀನು ಬೇಕಾಗಿಲ್ಲ. ರಾಜ್ಯದ ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ, ಅಂದರೆ ಸರ್ಕಾರದ ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಜಾತಿ, ಆದಾಯ ಪತ್ರದ ಮೇಲಿರುವ ಆರ್‌ಡಿ ಅಂತ ಶುರುವಾಗುವ ನಂಬರ್ ಕೇಳುತ್ತೆ, ಆದಾಯ ಪತ್ರ 5 ವರ್ಷಕ್ಕೆ ಮುಗಿದುಹೋಗುತ್ತೆ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಅನ್ನುವ ಯೋಜನೆ ಇದೆ, ತಿಂಗಳಿಗೆ ಇಷ್ಟು ಅಂತ 10 ತಿಂಗಳು ದುಡ್ಡು ಬರುತ್ತೆ. ಎಲ್ಲಕ್ಕಿಂತ ಮುಖ್ಯ, ದುಡ್ಡು ಬರುವುದು ಆಧಾರ್‌ಗೆ ಕೊನೇ ಸಲ ಜೋಡಿಸಿದ ಖಾತೆಗೆ. ಇದೊಂದು ಗೊತ್ತಿಲ್ಲದೆ ಎಷ್ಟು ಮಕ್ಕಳು ನಮ್ಮ ಕೌಂಟರ್ ಮುಂದೆ ನಿಂತು ಅಳುತ್ತಾರೆ ಅಂತ ನಿಮಗೆ ಗೊತ್ತಿಲ್ಲ.

ಗಿರೀಶ: ಫೋಟೋ ಸಿಕ್ತು!! ತಾತನ ಪಕ್ಕ ಬತ್ತಾಸು ಪೊಟ್ಟಣ ಹಿಡಿದಿರೋದು ಸರೋಜತ್ತೆ ನೋಡಿ.

ಸರೋಜತ್ತೆ: ಅಯ್ಯೋ, ಆ ಲಂಗ ಅಮ್ಮ ಹೊಲಿದಿದ್ದು 😍

ಪ್ರಜ್ವಲ್: ಸುಮಕ್ಕ, ಆಧಾರ್ ವೆಬ್‌ಸೈಟಲ್ಲಿ ನೋಡಿದೆ. ಸ್ಕೂಲಲ್ಲಿದ್ದಾಗ ಖಾತೆ ಮಾಡಿಸಿದ್ದ ಬ್ಯಾಂಕಿನ ಹೆಸರು ತೋರಿಸುತ್ತಿದೆ. ಅದನ್ನು ಆಮೇಲೆ ಮುಟ್ಟೇ ಇಲ್ಲ.

ಸುಮಾ: ಹಾಗಾದರೆ ಈಗ ಬಳಸುತ್ತಿರುವ ಬ್ಯಾಂಕಿಗೆ ಆಧಾರ್ ತಗೊಂಡು ಹೋಗು. ಡಿಬಿಟಿಗೆ, ಅಂದರೆ ಸರ್ಕಾರದ ದುಡ್ಡು ನೇರವಾಗಿ ಬರುವುದಕ್ಕೆ, ಈ ಖಾತೆಯನ್ನೇ ಜೋಡಿಸಿ ಅಂತ ಬರೆದುಕೊಡು. ನಿಮ್ಮಪ್ಪನ ಆದಾಯ ಪತ್ರ ಯಾವ ವರ್ಷದ್ದು?

ಸರೋಜತ್ತೆ: ನಗರಸಭೆಗೂ ಒಂದು ಸಲ ಹೋಗಿ ಬರಲಿ ಬಿಡು, ಕೇಳುವುದರಲ್ಲಿ ಏನಿದೆ.

ಪ್ರಜ್ವಲ್: 2019ರದ್ದು.

ಸುಮಾ: ಅದು ಮುಗಿದಿದೆ. ನಾಳೆ ಬೆಳಿಗ್ಗೆ ಮೊದಲು ನಾಡಕಚೇರಿ, ಆಮೇಲೆ ಬ್ಯಾಂಕು. ನಗರಸಭೆ ಬೇಡ. ಹೊರಡುವ ಮುಂಚೆ ನನಗೆ ಫೋನ್ ಮಾಡು.